ಫೋನಿನ ಹಣವೂ ಬಿತ್ತನೆಯ ಹದವೂ

ಹಿಂದೆ ಸಂತೆಗೆ ಹೊರಟ ರೈತನು ಹಣವನ್ನು ಸೊಂಟದ ಚೀಲದಲ್ಲಿ ಕಟ್ಟಿಕೊಂಡು, ದಾರಿಯುದ್ದಕ್ಕೂ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡು ಹೋಗುತ್ತಿದ್ದುದು ಹಿರಿಯರಿಗೆಲ್ಲ ತಿಳಿದ ವಿಷಯವೇ ಆಗಿದೆ. ಈಗ ಆ ಚೀಲದ ಸ್ಥಾನಕ್ಕೆ ಮೊಬೈಲ್ ಫೋನು ಬಂದಿದೆ. 2016ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯವರು ಯುಪಿಐ ಎಂಬ ಏರ್ಪಾಡನ್ನು ಆರಂಭಿಸಿದರು. ಅದು ಎಷ್ಟು ಬೇಗನೆ ಹಬ್ಬಿತೆಂದರೆ, 2025ನೆಯ ಇಸವಿ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಾದ್ಯಂತ 2,000 ಕೋಟಿಗೆ ಮೇಲ್ಪಟ್ಟು ಸಲ್ಲಿಕೆಗಳು ಅದರ ಮೂಲಕ ನಡೆದುವು. ಸೊಪ್ಪು ಮಾರುವ ಮುದುಕಿಯ ಬುಟ್ಟಿಯ ಮೇಲೂ ಎಳನೀರಿನ ಗಾಡಿಯ ಮೇಲೂ ಇಂದು ಕ್ಯೂಆರ್ ಚೀಟಿ ಅಂಟಿರುತ್ತದೆ.

ಇದರಿಂದ ಗ್ರಾಮಾಂತರದ ಜನಕ್ಕಾಗಿರುವ ಉಪಕಾರವು ಅಲ್ಪವಾದುದಲ್ಲ. ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಂತು ಒಂದು ದಿನದ ಕೆಲಸ ಕೆಡಿಸಿಕೊಳ್ಳುವುದು ತಪ್ಪಿದೆ. ಮಂಡಿಯಲ್ಲಿ ಮಾಲು ಮಾರಿ ರಾತ್ರಿಯ ಬಸ್ಸಿನಲ್ಲಿ ಹಣದ ಗಂಟಿನೊಡನೆ ಹಿಂದಿರುಗುವ ಭಯವು ತಪ್ಪಿದೆ. ಕೊಟ್ಟ ಹಣಕ್ಕೂ ಬಂದ ಹಣಕ್ಕೂ ತಾನಾಗಿ ಲೆಕ್ಕ ಉಳಿಯುತ್ತದೆ. ಲೆಕ್ಕವಿಡುವುದರಲ್ಲಿ ನಮ್ಮ ರೈತರಿಗಿರುವ ಉದಾಸೀನವನ್ನು ಬಲ್ಲವರು ಇದೊಂದನ್ನೇ ದೊಡ್ಡ ಲಾಭವೆಂದು ಎಣಿಸಿಯಾರು. ಆದಕಾರಣ ಈ ಏರ್ಪಾಡನ್ನು ಬಿಡಬೇಕೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅನುಕೂಲವಾದ ಒಂದು ಸಾಧನವನ್ನು ಬಳಸುವುದು ಬೇರೆ, ಅದೊಂದನ್ನೇ ನಂಬಿ ಮಿಕ್ಕ ದಾರಿಗಳನ್ನೆಲ್ಲ ಮುಚ್ಚಿಕೊಳ್ಳುವುದು ಬೇರೆ. ಪಟ್ಟಣದವನಿಗೆ ಈ ಎರಡರ ನಡುವಣ ಅಂತರವು ಅಷ್ಟಾಗಿ ತೋರದು. ಬೇಸಾಯಗಾರನಿಗಾದರೋ ಅದು ಒಂದು ವರುಷದ ಬೆಳೆಯಷ್ಟು ದೊಡ್ಡದಾಗಬಹುದು.

ಚಳ್ಳಕೆರೆ, ಪಾವಗಡಗಳ ಕಡೆಯ ಕೆಂಪು ಮರಳುಮಿಶ್ರಿತ ನೆಲದಲ್ಲಿ ಕಡಲೆಕಾಯಿ ಬಿತ್ತುವ ಒಬ್ಬ ಜಮೀನುದಾರರ ಸ್ಥಿತಿಯನ್ನು ಉದಾಹರಣೆಗಾಗಿ ಎಣಿಸಿಕೊಳ್ಳಬಹುದು. ಹೊಲವನ್ನು ಉತ್ತು ಹರಗಿ, ಗೊಬ್ಬರ ಚೆಲ್ಲಿ, ಆಕಾಶವನ್ನು ನೋಡುತ್ತ ಕುಳಿತಿರುವಾಗ ಒಂದು ರಾತ್ರಿ ಒಳ್ಳೆಯ ಮಳೆ ಬೀಳುತ್ತದೆ. ಅಂಥ ನೆಲದಲ್ಲಿ ಹದವು ಮೂರು ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದು. ಗಾಳಿ ಎದ್ದರೆ ಎರಡೇ ದಿನ. ಬೆಳಗಾಗುತ್ತಲೇ ಊರಿಗೆ ಊರೇ ಬೀಜದ ಅಂಗಡಿಯ ಮುಂದೆ ಸೇರುತ್ತದೆ. ಯಜಮಾನರು ಫೋನು ತೆಗೆದು ಹಣ ಕಳುಹಿಸುತ್ತಾರೆ. ಅವರ ಖಾತೆಯಿಂದ ಹಣ ಕಡಿದುಹೋದುದಾಗಿ ಸಂದೇಶ ಬರುತ್ತದೆ. ಅಂಗಡಿಯವರ ಖಾತೆಗೆ ಮಾತ್ರ ಅದು ಸೇರುವುದಿಲ್ಲ. ಅಂಗಡಿಯವರು ಬೀಜ ಕೊಡಲಾರರು, ಅವರನ್ನು ದೂರುವಂತೆಯೂ ಇಲ್ಲ. ಮತ್ತೊಮ್ಮೆ ಕಳುಹಿಸೋಣವೆಂದರೆ ಖಾತೆಯಲ್ಲಿ ಉಳಿದುದು ಸಾಲದು. ಅತ್ತ ಕೂರಿಗೆಯವನೂ ಬಾಡಿಗೆ ಟ್ರಾಕ್ಟರಿನವನೂ ಆಳುಗಳೂ ಹೊಲದ ಬದುವಿನಲ್ಲಿ ಕಾಯುತ್ತಿರುತ್ತಾರೆ.

ಇಂಥ ಸಂದರ್ಭಕ್ಕೆ ರಿಜರ್ವ್ ಬ್ಯಾಂಕಿನವರು ನಿಯಮ ಮಾಡದೆ ಇಲ್ಲ. 2019ನೆಯ ಇಸವಿ ಸೆಪ್ಟೆಂಬರ್ ತಿಂಗಳ ಅವರ ಸುತ್ತೋಲೆಯ ಮೇರೆಗೆ, ಅಂಗಡಿಗೆ ಯುಪಿಐ ಮೂಲಕ ಸಲ್ಲಿಸಿದ ಹಣವು ಮಧ್ಯದಲ್ಲಿ ನಿಂತುಹೋದರೆ ಅದನ್ನು ಐದು ದಿನಗಳೊಳಗೆ ಖಾತೆಗೆ ಹಿಂದಿರುಗಿಸತಕ್ಕದ್ದು. ಒಬ್ಬರ ಖಾತೆಯಿಂದ ಮತ್ತೊಬ್ಬರ ಖಾತೆಗೆ ಕಳುಹಿಸಿದ್ದಾದರೆ ಒಂದು ದಿನದೊಳಗೆ. ತಡವಾದರೆ ದಿನವೊಂದಕ್ಕೆ 100 ರೂಪಾಯಿನಂತೆ ಪರಿಹಾರ ಕೊಡತಕ್ಕದ್ದು. ಪಟ್ಟಣದಲ್ಲಿ ಬಟ್ಟೆ ಕೊಳ್ಳುವವನಿಗೆ ಈ ನಿಯಮವು ನ್ಯಾಯವಾಗಿಯೇ ಇದೆ. ಆದರೆ ನೆಲದ ಹದಕ್ಕೆ ಐದು ದಿನದ ಗಡುವು ತಿಳಿಯದು. ಹಣವು ಕಾಸೂ ತಪ್ಪದೆ ಹಿಂದಿರುಗಿ ಬರಬಹುದು. ಆ ವೇಳೆಗೆ ಮಣ್ಣು ಒಣಗಿ, ಬಿತ್ತನೆಯು ಮುಂದಿನ ಮಳೆಗೆ ಜಾರಿ, ಕಾಯಿ ಬಲಿಯುವ ಕಾಲಕ್ಕೆ ನೀರಿಲ್ಲದೆ ಇಳುವರಿ ಇಳಿದುಹೋಗುವುದು. ಈ ನಷ್ಟವನ್ನು ಯಾವ ಬ್ಯಾಂಕೂ ಲೆಕ್ಕಕ್ಕೆ ಹಿಡಿಯದು. ಫೋನಿನ ಹಣದ ಅಪಾಯವೆಂದರೆ ಜನರು ಕಳ್ಳರನ್ನು ಮಾತ್ರ ನೆನೆಯುತ್ತಾರೆ. ಬೇಸಾಯಗಾರನ ಮಟ್ಟಿಗೆ ಕಳವಿಗಿಂತಲೂ ಹೆಚ್ಚಾಗಿ ಎಣಿಸಬೇಕಾದುದು ಈ ವಿಳಂಬವನ್ನು.

ಇದು ಅಪರೂಪದ ಮಾತೆಂದು ಕೆಲವರು ತಳ್ಳಿಹಾಕುವುದುಂಟು. ಫೋನಿನಿಂದ ಹಣ ಕಳುಹಿಸುವಾಗ ಕಣ್ಣಿಗೆ ಕಾಣುವುದು ಒಂದು ಗುಂಡಿಯನ್ನು ಒತ್ತುವ ಕೆಲಸ ಮಾತ್ರ. ಅದರ ಹಿಂದೆ ಕೊಡುವವನ ಫೋನು, ಸಿಗ್ನಲ್ ಗೋಪುರ, ಆ್ಯಪಿನ ಕಂಪೆನಿ, ಆ ಕಂಪೆನಿಯು ನೆಚ್ಚಿಕೊಂಡಿರುವ ಬ್ಯಾಂಕು, ಕಾರ್ಪೊರೇಷನ್ನಿನ ಕೇಂದ್ರ ಯಂತ್ರ, ಕೊಡುವವನ ಬ್ಯಾಂಕು, ಕೊಳ್ಳುವವನ ಬ್ಯಾಂಕು ಎಂದು ಏಳು ಕೊಂಡಿಗಳ ಸರಪಳಿಯಿದೆ. ಯಾವುದಾದರೂ ಒಂದು ಕೊಂಡಿ ಕಳಚಿದರೂ ಹಣ ಚಲಿಸದು. ಹಾಗೆ ಕಳಚಿದ ಸಂಗತಿಗಳು ಈಚಿನ ವರುಷಗಳಲ್ಲಿಯೇ ಹಲವು ಇವೆ.

2020ನೆಯ ಇಸವಿ ಮಾರ್ಚ್ 5ನೆಯ ತಾರೀಖು ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ವಿಧಿಸಿ, ಖಾತೆದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯಕೂಡದೆಂದು ಆಜ್ಞೆಯಾಯಿತು. ಫೋನ್‌ಪೇ ಎಂಬ ಆ್ಯಪು ಆಗ ಆ ಬ್ಯಾಂಕನ್ನೇ ನೆಚ್ಚಿಕೊಂಡಿತ್ತು. ಆದುದರಿಂದ ಆ ಬ್ಯಾಂಕಿನ ಹೆಸರನ್ನೇ ಕೇಳಿರದ ಜನರು ಕೂಡ, ತಮ್ಮ ಹಣವು ಬೇರೆ ಬ್ಯಾಂಕಿನಲ್ಲಿ ಸುರಕ್ಷಿತವಾಗಿದ್ದರೂ, ಆ ಆ್ಯಪಿನಿಂದ ಒಂದು ರೂಪಾಯಿಯನ್ನೂ ಕಳುಹಿಸಲಾರದೆ ಹೋದರು. ಬೇರೊಂದು ಬ್ಯಾಂಕಿನ ಮೂಲಕ ಅದು ಮತ್ತೆ ನಡೆಯಲು ಹೆಚ್ಚುಕಡಮೆ ಒಂದು ಹಗಲು ರಾತ್ರಿ ಹಿಡಿಯಿತು. 2024ನೆಯ ಇಸವಿ ಜನವರಿ 31ರಂದು ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ರಿಜರ್ವ್ ಬ್ಯಾಂಕಿನ ಆಜ್ಞೆ ಬಂದು, ಮಾರ್ಚ್ 15ರಿಂದಾಚೆಗೆ ಅಲ್ಲಿನ ಖಾತೆಗಳಿಗೆ ಹಣ ತುಂಬುವುದು ನಿಂತಿತು. ವ್ಯಾಪಾರದ ಹಣವನ್ನು ಅಲ್ಲಿಯೇ ಸೇರಿಸುತ್ತಿದ್ದ ಅಂಗಡಿಯವರು ಬೇರೆ ಖಾತೆಗಳನ್ನು ಹುಡುಕಬೇಕಾಯಿತು. 2025ನೆಯ ಇಸವಿ ಏಪ್ರಿಲ್ 12ರಂದು ಕೇಂದ್ರ ಏರ್ಪಾಡಿನಲ್ಲಿಯೇ ಅಡಚಣೆಯುಂಟಾಗಿ, ದೇಶದ ಎಲ್ಲೆಡೆ ಹಲವು ಗಂಟೆಗಳ ಕಾಲ ಸಲ್ಲಿಕೆಗಳು ತಪ್ಪಿಹೋದುವು. ಅದಕ್ಕೆ ಎರಡೂವರೆ ವಾರ ಹಿಂದೆ, ಮಾರ್ಚ್ 26ರಂದು, ಇಂಥದೇ ತೊಂದರೆಯಾಗಿತ್ತು.

ಹಳ್ಳಿಗಳಿಗೆ ಎಲ್ಲಕ್ಕಿಂತ ಹತ್ತಿರವಾದ ಸಂಗತಿ 2024ನೆಯ ಇಸವಿ ಜುಲೈ 31ರದು. ಸಿ-ಎಡ್ಜ್ ಎಂಬ ಕಂಪೆನಿಯು ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ಗಣಕಯಂತ್ರದ ಸೇವೆಯನ್ನು ಒದಗಿಸುತ್ತದೆ. ಅದರ ಯಂತ್ರಗಳಿಗೆ ದುಷ್ಕರ್ಮಿಗಳು ನುಗ್ಗಿ ಬೀಗ ಹಾಕಿದುದರಿಂದ, ರೋಗ ಹರಡದಂತೆ ಜಾನುವಾರನ್ನು ಬೇರೆ ಕಟ್ಟುವ ಹಾಗೆ, ಆ ಕಂಪೆನಿಯ ಸೇವೆ ಪಡೆಯುವ ಬ್ಯಾಂಕುಗಳನ್ನು ದೇಶದ ಏರ್ಪಾಡಿನಿಂದ ಬೇರ್ಪಡಿಸಲಾಯಿತು. ಅಂಥ ಸಣ್ಣ ಬ್ಯಾಂಕುಗಳು ಸುಮಾರು 300 ಇದ್ದುವೆಂದು ವರದಿಯಾಯಿತು. ಮರುದಿನ ಸಂಪರ್ಕವು ಮತ್ತೆ ಏರ್ಪಟ್ಟಿತು. ದೊಡ್ಡ ಬ್ಯಾಂಕುಗಳವರಿಗೆ ಆ ದಿನ ಏನೂ ತಿಳಿಯಲಿಲ್ಲ. ಕಷ್ಟವೆಲ್ಲ ಹಳ್ಳಿಯ ಬ್ಯಾಂಕುಗಳ ಖಾತೆದಾರರದು. ಮುಂಗಾರು ಬೆಳೆವಿಮೆಯ ಕಂತಿಗೆ ಸಾಮಾನ್ಯವಾಗಿ ಕಡೆಯ ದಿನವೆಂದು ಗೊತ್ತುಮಾಡುವ ತಾರೀಖು ಕೂಡ ಜುಲೈ 31 ಎಂಬುದನ್ನು ಇಲ್ಲಿ ನೆನೆಯಬೇಕು. ಕಂತನ್ನು ಕಡೆಯ ಸಾಯಂಕಾಲದವರೆಗೆ ತಳ್ಳಿ, ಬಳಿಕ ಫೋನಿನಿಂದ ಕಟ್ಟಿದರಾಯಿತೆಂದು ಕುಳಿತುಕೊಳ್ಳುವ ಅಭ್ಯಾಸವು ನಮ್ಮಲ್ಲಿ ಬಹಳವಾಗಿದೆ.

ಸಹಕಾರ ಸಂಘದ ಬೆಳೆಸಾಲಕ್ಕೂ ಇದೇ ಮಾತು ಸಲ್ಲುತ್ತದೆ. ಬಡ್ಡಿಯಿಲ್ಲದ ಸಾಲದ ರಿಯಾಯಿತಿಯು ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಒಂದು ದಿನ ಮೀರಿದರೂ ವರುಷದ ಬಡ್ಡಿಯೆಲ್ಲ ತಲೆಯ ಮೇಲೆ ಬೀಳುವ ಸಂಭವವಿದೆ. ನಿನ್ನೆಯೇ ಕಳುಹಿಸಿದೆ, ಮಧ್ಯದಲ್ಲಿ ನಿಂತಿತೆಂದರೆ ಸಂಘದ ಕಾರ್ಯದರ್ಶಿಗಳು ಏನು ತಾನೆ ಮಾಡಿಯಾರು? ಗಡುವಿಗೆ ಒಂದು ವಾರ ಮುಂಚೆ ಕಟ್ಟಿ ಮುದ್ರೆಯೊತ್ತಿದ ರಸೀತಿಯನ್ನು ಪಡೆದು ಇಟ್ಟುಕೊಳ್ಳುವುದೇ ಲೇಸು.

ಹಾಗಾದರೆ ಹಣವನ್ನೆಲ್ಲ ಮೊದಲಿನಂತೆ ಮನೆಯ ಪೆಟ್ಟಿಗೆಯಲ್ಲಿಡಬೇಕೆ ಎಂದು ಯಾರಾದರೂ ಕೇಳಬಹುದು. 2016ನೆಯ ಇಸವಿ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿಗಳ ನೋಟುಗಳು ರದ್ದಾದಾಗ, ನಗದನ್ನೇ ನಂಬಿದವರ ಪಾಡು ಏನಾಯಿತೆಂಬುದು ಇನ್ನೂ ಮರೆತುಹೋಗಿಲ್ಲ. ಅದು ರಾಗಿಯ ಕೊಯ್ಲಿನ ಕಾಲ; ಆಳುಗಳಿಗೆ ಕೂಲಿ ಕೊಡಲು ನೋಟಿರಲಿಲ್ಲ. ಹಿಂಗಾರಿಯ ಬೀಜ ಕೊಳ್ಳಲಾರದೆ ರೈತರು ಬವಣೆಪಟ್ಟುದರಿಂದ, ನವೆಂಬರ್ 21ರಂದು ಸರ್ಕಾರದವರು ಹಳೆಯ 500 ರೂಪಾಯಿ ನೋಟುಗಳನ್ನು ಸರ್ಕಾರಿ ಬೀಜದ ಮಳಿಗೆಗಳಲ್ಲಿಯೂ ಕೃಷಿ ವಿಶ್ವವಿದ್ಯಾನಿಲಯಗಳಲ್ಲಿಯೂ ತೆಗೆದುಕೊಳ್ಳಬಹುದೆಂದು ಅಪ್ಪಣೆ ಕೊಡಬೇಕಾಯಿತು. ಬೆಳೆಯೊಂದನ್ನೇ ನೆಚ್ಚಿದ ಹೊಲದಂತೆಯೇ ಹಣದ ದಾರಿಯೊಂದನ್ನೇ ನೆಚ್ಚಿದ ಸಂಸಾರವೂ ಸರಿ. ರಾಗಿಯ ಸಾಲಿನ ನಡುವೆ ಅವರೆಯನ್ನೋ ತೊಗರಿಯನ್ನೋ ಅಕ್ಕಡಿಯಾಗಿ ಹಾಕಿದ ಹಿರಿಯರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ.

ಜಮೀನುದಾರರು ಮೇ ತಿಂಗಳಲ್ಲಿಯೇ ಒಂದು ಲೆಕ್ಕ ಹಾಕಿಕೊಳ್ಳುವುದು ಯುಕ್ತ. ಒಂದು ಬಿತ್ತನೆಗೆ ಬೇಕಾಗುವ ಬೀಜ, ಗೊಬ್ಬರ, ಉಳುಮೆಯ ಬಾಡಿಗೆ ಮತ್ತು ಎಂಟು ದಿನದ ಕೂಲಿ ಇವುಗಳ ಮೊತ್ತವನ್ನು ಮಾತ್ರ ನಗದಾಗಿ ಕೈಯಲ್ಲಿಟ್ಟುಕೊಳ್ಳಬೇಕು. ಅದಕ್ಕಿಂತ ಹೆಚ್ಚಿನದನ್ನು ಮನೆಯಲ್ಲಿಡುವುದು ಕಳ್ಳರಿಗೂ ಇಲಿಗಳಿಗೂ ಔತಣ ಕೊಟ್ಟಂತೆ. ಸಾಧ್ಯವಾದರೆ ಬೀಜವನ್ನೇ ಮುಂಚಿತವಾಗಿ ಕೊಂಡಿಡುವುದು ಇನ್ನೂ ಮೇಲು. ಖಾತೆಯು ಎರಡು ಬೇರೆ ಬೇರೆ ಬ್ಯಾಂಕುಗಳಲ್ಲಿರಲಿ, ಒಂದು ಊರಿಗೆ ಹತ್ತಿರವಾದುದು, ಮತ್ತೊಂದು ದೊಡ್ಡ ಬ್ಯಾಂಕು. ಒಂದೇ ಖಾತೆಗೆ ಮೂರು ಆ್ಯಪುಗಳನ್ನು ಹಾಕಿಕೊಂಡು ತನಗೆ ಮೂರು ದಾರಿಗಳಿವೆಯೆಂದು ತಿಳಿಯುವವರುಂಟು. ಬ್ಯಾಂಕಿನ ಯಂತ್ರ ನಿಂತರೆ ಆ ಮೂರೂ ಒಟ್ಟಿಗೆ ನಿಲ್ಲುತ್ತವೆ. ಚೆಕ್ಕಿನ ಪುಸ್ತಕವನ್ನು ತೆಗೆದಿಡಬೇಕು. ಬಿತ್ತನೆಯ ಮುನ್ನಾದಿನ ಹೊಸ ಫೋನಿಗೆ ಬದಲಾಯಿಸುವ ಉತ್ಸಾಹವೂ ಬೇಡ, ಏಕೆಂದರೆ ಹೊಸದಾಗಿ ನೋಂದಾಯಿಸಿದ ಫೋನಿನಿಂದ ಮೊದಲ 24 ಗಂಟೆಗಳಲ್ಲಿ 5,000 ರೂಪಾಯಿ ಮಾತ್ರ ಕಳುಹಿಸಲು ಆಗುತ್ತದೆ.

ಜಾತ್ರೆಯ ವ್ಯವಹಾರವು ಬೇರೆಯೇ ಬಗೆಯದು. ದೊಡ್ಡಬಳ್ಳಾಪುರದ ಬಳಿಯ ಘಾಟಿ ಸುಬ್ರಹ್ಮಣ್ಯದಂಥ ದನಗಳ ಜಾತ್ರೆಯಲ್ಲಿ ಒಳ್ಳೆಯ ಹಳ್ಳಿಕಾರ್ ಜೋಡಿಯೊಂದರ ಬೆಲೆ ಲಕ್ಷ ರೂಪಾಯಿಗಳನ್ನು ಮೀರುವುದು ಈಗ ಆಶ್ಚರ್ಯವಲ್ಲ. ಒಬ್ಬರಿಂದೊಬ್ಬರಿಗೆ ಯುಪಿಐ ಮೂಲಕ ದಿನಕ್ಕೆ ಕಳುಹಿಸಬಹುದಾದುದು ಸಾಮಾನ್ಯವಾಗಿ 1 ಲಕ್ಷ ರೂಪಾಯಿ ಮಾತ್ರ. ಸಾವಿರಾರು ಜನ ಸೇರಿದ ಬಯಲಿನಲ್ಲಿ ಸಿಗ್ನಲು ದೊರೆಯುವುದೇ ಕಷ್ಟ. ಈ ಗಡಿಬಿಡಿಯಲ್ಲಿ ಕೊಳ್ಳುವವನು ತನ್ನ ಫೋನನ್ನು ತೋರಿಸಿ, ಹಣ ಹೋಯಿತು ನೋಡಿ ಯಜಮಾನರೇ ಎಂದು ಹಗ್ಗಕ್ಕೆ ಕೈ ಹಾಕುತ್ತಾನೆ. ಹಣ ಹೋದಂತೆ ಚಿತ್ರ ಮಾತ್ರ ತೋರಿಸುವ ಸುಳ್ಳು ಆ್ಯಪುಗಳು ಇವೆ. ಅವುಗಳಲ್ಲಿ ಹೆಸರೂ ಮೊತ್ತವೂ ಹಸುರು ಗುರುತೂ ನಿಜವಾದುದರಂತೆಯೇ ಇರುತ್ತವೆ. ಮಾರುವವನು ಕೊಳ್ಳುವವನ ಫೋನನ್ನು ನೋಡತಕ್ಕದ್ದಲ್ಲ, ತನ್ನ ಖಾತೆಯಲ್ಲಿನ ಶಿಲ್ಕನ್ನು ನೋಡತಕ್ಕದ್ದು. ಅದು ಏರುವವರೆಗೆ ಹಗ್ಗವನ್ನು ಬಿಡಬಾರದು, ಕೊಳ್ಳುವವನು ಎಷ್ಟೇ ಮರ್ಯಸ್ಥನಂತೆ ಕಂಡರೂ ಸರಿ. ದೊಡ್ಡ ಮೊತ್ತವಾದರೆ ಆರ್‌ಟಿಜಿಎಸ್ ಮೂಲಕ ಕಳುಹಿಸಬಹುದು. 2020ನೆಯ ಇಸವಿ ಡಿಸೆಂಬರಿನಿಂದ ಅದು ರಜಾದಿನಗಳಲ್ಲಿಯೂ ಹಗಲು ರಾತ್ರಿ ನಡೆಯುವಂತೆ ಏರ್ಪಾಡಾಯಿತು. ಹಣವನ್ನು ಪಡೆಯುವುದಕ್ಕೆ ಗುಪ್ತಸಂಖ್ಯೆಯನ್ನು ಒತ್ತಬೇಕಾದ ಸಂದರ್ಭವೇ ಇಲ್ಲವೆಂಬುದನ್ನು ಮನೆಯ ಹೆಂಗಸರಿಗೂ ಮುದುಕರಿಗೂ ಮನದಟ್ಟು ಮಾಡಬೇಕು. ಒತ್ತಿ ಎಂದು ಹೇಳುವವನು ಕೊಡುವವನಲ್ಲ, ಕೀಳುವವನು.

ಜಮೀನು ಉಳ್ಳವರಿಗೆ ವಿಶೇಷವಾಗಿ ತಗಲುವ ಇನ್ನೊಂದು ಅಪಾಯ ಬೆರಳಚ್ಚಿನದು. ಹಳ್ಳಿಗಳಲ್ಲಿ ಆಧಾರ್ ಸಂಖ್ಯೆಯನ್ನು ಹೇಳಿ ಹೆಬ್ಬೆರಳನ್ನು ಒತ್ತಿದರೆ ಖಾತೆಯಿಂದ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯುವ ಏರ್ಪಾಡು ಇದೆ. ಇದಕ್ಕೆ ಫೋನೂ ಬೇಡ, ಗುಪ್ತಸಂಖ್ಯೆಯೂ ಬೇಡ. 2023ನೆಯ ಇಸವಿಯಲ್ಲಿ ಕರ್ನಾಟಕದಲ್ಲಿ ಆಸ್ತಿಯನ್ನು ನೋಂದಣಿ ಮಾಡಿಸಿಕೊಂಡ ಅನೇಕರು, ತಾವು ಎಲ್ಲಿಯೂ ಬೆರಳೊತ್ತದೆಯೇ ಖಾತೆಯಿಂದ ಹಣ ಹೋಯಿತೆಂದು ಪೋಲೀಸಿನವರಿಗೆ ದೂರಿತ್ತರು. ಕ್ರಯಪತ್ರಗಳ ನಕಲಿನಲ್ಲಿದ್ದ ಬೆರಳಚ್ಚನ್ನೂ ಆಧಾರ್ ಸಂಖ್ಯೆಯನ್ನೂ ದುಷ್ಟರು ಬಳಸಿಕೊಂಡರೆಂಬ ಸಂಶಯ ಹುಟ್ಟಿ ತನಿಖೆ ನಡೆಯಿತು. ಆಧಾರ್ ಬೆರಳಚ್ಚಿಗೆ ಬೀಗ ಹಾಕಿಸಿಕೊಳ್ಳುವ ಅನುಕೂಲವನ್ನು ಆಧಾರ್ ಪ್ರಾಧಿಕಾರದವರು ಉಚಿತವಾಗಿ ಒದಗಿಸಿದ್ದಾರೆ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತುವ ದಿನ ಅದನ್ನು ತೆಗೆದು ಮತ್ತೆ ಹಾಕುವ ತೊಡಕು ಇದೆಯೆಂಬುದು ನಿಜ. ಜಮೀನಿನ ಪತ್ರಗಳು ಹಲವು ಕಡೆ ಓಡಾಡಿರುವವರು ಆ ತೊಡಕನ್ನು ಸಹಿಸಿಕೊಳ್ಳುವುದು ಒಳ್ಳೆಯದು.

ಸಹಾಯಧನದ ಹಣವು ಆಧಾರಿಗೆ ಕಡೆಯದಾಗಿ ಜೋಡಿಸಿದ ಖಾತೆಗೆ ಹೋಗುತ್ತದೆಂಬುದನ್ನು ಬಹು ಮಂದಿ ಅರಿಯರು. 2017ನೆಯ ಇಸವಿಯಲ್ಲಿ ಫೋನಿನ ಕಂಪೆನಿಯೊಂದು ಸಿಮ್ಮಿಗಾಗಿ ಬೆರಳೊತ್ತಿಸಿಕೊಂಡು, ಜನರ ಅರಿವಿಗೆ ಬಾರದಂತೆ ತನ್ನ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ತೆರೆದುದರಿಂದ, ಅಡುಗೆ ಅನಿಲದ ಸಹಾಯಧನವು ಅಲ್ಲಿಗೆ ಹೋಗಿ ಸೇರಿತು. ಹಣ ಬರಲಿಲ್ಲವೆಂದು ಇಲಾಖೆಯ ಕಚೇರಿಗೆ ಅಲೆಯುವ ಮುನ್ನ, ಆಧಾರಿಗೆ ಯಾವ ಬ್ಯಾಂಕು ಜೋಡಿಯಾಗಿದೆಯೆಂದು ಕೇಳಿ ತಿಳಿದರೆ ಅರ್ಧ ಅಲೆದಾಟವು ಉಳಿಯುವುದು.

ಮೋಸದಿಂದ ಹಣ ಹೋದಾಗ ನಾಚಿಕೆಯಿಂದ ಮುಚ್ಚಿಡುವುದು ಹಳ್ಳಿಯ ಹಿರಿಯರಲ್ಲಿ ಸಾಮಾನ್ಯ. ಇದರಂಥ ಹಾನಿಕರವಾದ ಅಭಿಮಾನ ಮತ್ತೊಂದಿಲ್ಲ. ರಿಜರ್ವ್ ಬ್ಯಾಂಕಿನವರ 2017ನೆಯ ಇಸವಿ ಜುಲೈ 6ರ ಸುತ್ತೋಲೆಯು, ಖಾತೆದಾರನ ತಪ್ಪಿಲ್ಲದೆ ಮೂರನೆಯವರ ಕೃತ್ಯದಿಂದ ಹೋದ ಹಣವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಅವನ ಮೇಲೆ ಯಾವ ಹೊರೆಯೂ ಇಲ್ಲವೆಂದೂ, ನಾಲ್ಕರಿಂದ ಏಳು ದಿನಗಳೊಳಗಾದರೆ ಸಾಮಾನ್ಯ ಉಳಿತಾಯ ಖಾತೆಗೆ 10,000 ರೂಪಾಯಿ ಮೀರದ ಹೊರೆಯೆಂದೂ ಗೊತ್ತುಮಾಡಿತು. ಗುಪ್ತಸಂಖ್ಯೆಯನ್ನು ತಾನೇ ಹೇಳಿಕೊಟ್ಟವನಿಗೆ ಈ ರಕ್ಷಣೆಯಿಲ್ಲ; ಅವನು ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ. ಹೇಗಾದರೂ ತಿಳಿಸುವುದರಲ್ಲಿ ಗಂಟೆಗಳು ಸಹ ಎಣಿಕೆಗೆ ಬರುತ್ತವೆ. ದೂರು ಹೇಳಲು 1930 ಎಂಬ ಸಂಖ್ಯೆಯಿದೆ. ಪಂಚಾಯಿತಿಯ ಗೋಡೆಯ ಮೇಲೆ ಇದನ್ನು ದಪ್ಪಕ್ಷರದಲ್ಲಿ ಬರೆಯಿಸುವುದಕ್ಕೆ ಒಂದು ಡಬ್ಬಿ ಬಣ್ಣದ ಖರ್ಚು.

ಕೂಲಿಯ ವಿಷಯದಲ್ಲಿ ಊರ ಯಜಮಾನರ ಹೊಣೆಯು ಇನ್ನೂ ಹೆಚ್ಚಿನದು. ಕಳೆ ಕೀಳುವ, ನಾಟಿ ಹಾಕುವ ಕೆಲಸವು ಬಹುಮಟ್ಟಿಗೆ ಹೆಣ್ಣಾಳುಗಳದು. ಅವರಲ್ಲಿ ಅನೇಕರಿಗೆ ಸ್ವಂತ ಫೋನು ಇರುವುದಿಲ್ಲ. ಚಿಲ್ಲರೆಯಿಲ್ಲವೆಂಬ ನೆಪದಿಂದ ಜಮೀನುದಾರರು ಕೂಲಿಯನ್ನು ಗಂಡನ ಫೋನಿಗೋ ಮಗನ ಫೋನಿಗೋ ಕಳುಹಿಸಿದರೆ, ದುಡಿದವಳ ಕೈಗೆ ಅದರಲ್ಲಿ ಎಷ್ಟು ಬರುವುದೆಂಬುದನ್ನು ಊರಿನವರು ಬಲ್ಲರು. ಇಲ್ಲವೆ ಮೇಸ್ತ್ರಿಯೊಬ್ಬನ ಫೋನಿಗೆ ಹತ್ತು ಜನರ ಕೂಲಿ ಹೋಗಿ, ಅವನು ಹಂಚಿದಂತೆ ಹಂಚಿಕೆ. ನಗದಾಗಿ ಎಣಿಸಿ ಕೊಟ್ಟಾಗ ಹೆಂಗಸು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಸಂಜೆ ಅಂಗಡಿಗೆ ಹೋಗಿ ಮನೆಗೆ ಬೇಕಾದುದನ್ನು ತಂದಾಳು. ಅವಳದೇ ಖಾತೆಯೂ ಅವಳದೇ ಫೋನೂ ಇದ್ದು, ಅವಳೇ ಕೇಳಿದರೆ ಫೋನಿನಿಂದ ಕೊಡಲು ಅಡ್ಡಿಯಿಲ್ಲ.

ಪೇಟೆಯ ವರ್ತಕರು ಕೂಡ ಈ ಏರ್ಪಾಡನ್ನು ಎಂದೆಂದಿಗೂ ಒಪ್ಪುತ್ತಲೇ ಇರುವರೆಂಬ ಭರವಸೆಯಿಲ್ಲ. 2025ನೆಯ ಇಸವಿ ಜುಲೈ ತಿಂಗಳಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯವರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳವರು ಕ್ಯೂಆರ್ ಚೀಟಿಯನ್ನು ಕಿತ್ತು, ನಗದು ಮಾತ್ರವೆಂದು ಫಲಕ ತೂಗುಹಾಕಿದರು. ಮಾತುಕತೆಯಿಂದ ಆ ಗದ್ದಲವು ಅಡಗಿತು. ಆ ದಿನಗಳಲ್ಲಿ ಬರಿಯ ಫೋನನ್ನು ಹಿಡಿದು ಹಳ್ಳಿಯಿಂದ ಸಾಮಾನು ಕೊಳ್ಳಲು ಹೋದವರು ಹಣವಿದ್ದೂ ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಮುಂಬರುವ ದನಗಳ ಜಾತ್ರೆಗಳಲ್ಲಿ ಪಂಚಾಯಿತಿಯವರು ಒಂದು ಮೇಜನ್ನು ಹಾಕಿಸಿ, ಮಾರಿದವನ, ಕೊಂಡವನ ಮತ್ತು ಇಬ್ಬರು ಸಾಕ್ಷಿಗಳ ರುಜುವಿನೊಡನೆ ಚೀಟಿ ಬರೆಯುವ ಪದ್ಧತಿಯನ್ನಿಟ್ಟರೆ ಅನುಕೂಲವಾದೀತು. ಚೀಟಿಯಲ್ಲಿ ಎತ್ತುಗಳ ಬಣ್ಣ, ಹಲ್ಲು, ಸುಳಿ, ಒಪ್ಪಿದ ಬೆಲೆ, ನಗದಾಗಿ ಕೊಟ್ಟುದೆಷ್ಟು, ಫೋನಿನಿಂದ ಬಂದುದೆಷ್ಟು, ಬಂದುದನ್ನು ಮಾರಿದವನು ತನ್ನ ಖಾತೆಯಲ್ಲಿ ನೋಡಿದ ಹೊತ್ತು, ಇಷ್ಟು ಬರೆದಿರಬೇಕು. ಹಣ ಮಧ್ಯದಲ್ಲಿ ನಿಂತಿದ್ದರೆ ಅದನ್ನೂ ಬರೆದು, ಅದು ಬಂದು ಸೇರುವವರೆಗೆ ಜೋಡಿಯನ್ನು ಪಂಚಾಯಿತಿಯ ಕೊಟ್ಟಿಗೆಯಲ್ಲಿ ಕಟ್ಟಿಸತಕ್ಕದ್ದು. ಮೇವಿನ ಖರ್ಚು ಕೊಳ್ಳುವವನದು.